ನೀರಿನಿಂದ ಮಣ್ಣಿಗೆ ಬಂದ ಗಿಡ ಯಾಕೆ ಸೊರಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೈಡ್ರೋಪೋನಿಕ್ಸ್‌ನಲ್ಲಿ (ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಲ್ಲೇ ಗಿಡ ಬೆಳೆಸುವ ವಿಧಾನ) ನಳನಳಿಸುತ್ತಿದ್ದ ಗಿಡ ಮಣ್ಣಿಗೆ ಹಾಕಿದ ಎರಡೇ ದಿನಕ್ಕೆ ಬಾಡಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆ ಗಾಬರಿಯಲ್ಲಿ ಗೊಬ್ಬರ, ಔಷಧಿ, ಇನ್ನಷ್ಟು ನೀರು, ಎಲ್ಲವನ್ನೂ ಒಟ್ಟಿಗೆ ಸುರಿಯುತ್ತೇವೆ. ಎಷ್ಟೋ ಗಿಡಗಳು ಸಾಯುವುದು ಅದರಿಂದಲೇ. ಮೊದಲ ಎರಡು ಮೂರು ವಾರದಲ್ಲಿ ಕಾಣುವ ತೊಂದರೆಗಳಲ್ಲಿ ಬಹುಪಾಲು ಬೇರು ಮತ್ತು ನೀರಿಗೆ ಸಂಬಂಧಪಟ್ಟವು. ರೋಗ ಕಡಿಮೆ, ಗೊಬ್ಬರದ ಕೊರತೆ ಇನ್ನೂ ಕಡಿಮೆ. ಕೆಳಗಿನ ಉತ್ತರಗಳನ್ನೆಲ್ಲ ಇದನ್ನು ಮನಸ್ಸಲ್ಲಿಟ್ಟುಕೊಂಡು ಓದಿ.

ನಿನ್ನೆ ನೆಟ್ಟೆ, ಇವತ್ತು ಗಿಡ ಪೂರ್ತಿ ಜೋತು ಬಿದ್ದಿದೆ. ಮಣ್ಣು ಹಸಿಯಾಗಿಯೇ ಇದೆಯಲ್ಲ, ಮತ್ತೆ ಯಾಕೆ?

ಮಣ್ಣಲ್ಲಿ ನೀರಿದೆ, ಆದರೆ ಬೇರಿಗೆ ಅದನ್ನು ಎಳೆದುಕೊಳ್ಳಲು ಬರುತ್ತಿಲ್ಲ. ನೀರಲ್ಲೇ ಬೆಳೆದ ಬೇರು ನುಣುಪಾಗಿರುತ್ತದೆ, ಸುಲಭವಾಗಿ ಮುರಿಯುತ್ತದೆ, ಅದರ ಮೇಲೆ ಬೇರು ರೋಮಗಳು ತೀರಾ ಕಡಿಮೆ. ಸುತ್ತಲೂ ನೀರೇ ಇರುವಾಗ ರೋಮಗಳ ಅಗತ್ಯ ಅಷ್ಟಾಗಿ ಇರುವುದಿಲ್ಲ. ಮಣ್ಣಲ್ಲಿ ಹಾಗಲ್ಲ, ನೀರು ಕಣಗಳಿಗೆ ತೆಳ್ಳಗೆ ಅಂಟಿಕೊಂಡಿರುತ್ತದೆ. ಅದನ್ನು ಹೀರಲು ಕಣಗಳ ಸಂದಿಗೆ ನುಗ್ಗುವ ಸಣ್ಣ ರೋಮಗಳು ಬೇಕು. ಅವು ಹಳೆಯ ಬೇರಿನ ಮೇಲೆ ಹುಟ್ಟುವುದಿಲ್ಲ. ಹೊಸದಾಗಿ ಬೆಳೆಯುವ ತುದಿಯ ಹತ್ತಿರ ಮಾತ್ರ ಹುಟ್ಟುತ್ತವೆ. ಅಂದರೆ ಗಿಡ ಒಂದು ಹೊಸ ಬೇರಿನ ಜಾಲವನ್ನೇ ಕಟ್ಟಿಕೊಳ್ಳಬೇಕು. ಅದಕ್ಕೆ ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಜೊತೆಗೆ ನೆಡುವಾಗ ಒಂದಿಷ್ಟು ಬೇರು ಮುರಿದೇ ಇರುತ್ತದೆ. ಎಲೆಗಳು ಮಾತ್ರ ಮೊದಲಿನ ಹಾಗೆಯೇ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಬರುವುದು ಕಡಿಮೆ, ಹೋಗುವುದು ಜಾಸ್ತಿ. ಹಾಗಾಗಿ ಗಿಡ ಬಾಡುತ್ತದೆ.

ಬರುವುದನ್ನು ನಾವು ತಕ್ಷಣ ಹೆಚ್ಚಿಸಲು ಆಗುವುದಿಲ್ಲ, ಹೋಗುವುದನ್ನು ತಡೆಯಬಹುದು. ನೇರ ಬಿಸಿಲಿನಿಂದ ತೆಗೆಯಿರಿ. ಫ್ಯಾನ್, ಎಸಿ ಗಾಳಿ ಬೇಡ. ಚಿಕ್ಕ ಗಿಡವಾದರೆ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಲು ಬಿಡಿ, ನಾಲ್ಕೈದು ದಿನದ ನಂತರ ತೆಗೆದಿಡುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕವರ್ ಹಾಕಿದ ಗಿಡವನ್ನು ಬಿಸಿಲಲ್ಲಿ ಮಾತ್ರ ಇಡಬೇಡಿ, ಒಳಗೆ ಬೆಂದುಹೋಗುತ್ತದೆ. ಎಲೆ ತುಂಬಾ ಇದ್ದು ಬೇರು ಸ್ವಲ್ಪವೇ ಇದ್ದರೆ ಕೆಳಗಿನ ಹಳೆಯ ಎಲೆಗಳನ್ನು ಕೆಲವು ಕಿತ್ತುಹಾಕಬಹುದು. ಆದರೆ ಚಿಗುರು ಮುಟ್ಟಬೇಡಿ, ಹೊಸ ಬೇರಿಗೆ ಆಹಾರ ಬರುವುದು ಎಲೆಯಿಂದಲೇ ಅಲ್ವಾ.

ಮೊದಲ ಕೆಲವು ದಿನ ನೀರು ಹೇಗೆ ಕೊಡಬೇಕು? ಒಬ್ಬರು ಹಸಿಯಾಗಿಡಿ ಅಂತಾರೆ, ಇನ್ನೊಬ್ಬರು ಒಣಗಲು ಬಿಡಿ ಅಂತಾರೆ.

ಇಬ್ಬರೂ ಹೇಳುವುದು ಸರಿ, ಬೇರೆ ಬೇರೆ ವಾರಕ್ಕೆ. ಮೊದಲ ವಾರ ಹತ್ತು ದಿನ ಮಣ್ಣು ಒಂದೇ ಸಮನೆ ತೇವವಾಗಿರಬೇಕು, ಯಾಕೆಂದರೆ ರೋಮವಿಲ್ಲದ ಬೇರು ಒಮ್ಮೆ ಒಣಗಿದರೆ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಅದಾದ ಮೇಲೆ ಮೇಲಿನ ಒಂದು ಸೆಂಟಿಮೀಟರ್ ಒಣಗಲು ಬಿಡಿ, ಮುಂದಿನ ವಾರ ಎರಡು ಮೂರು ಸೆಂಟಿಮೀಟರ್. ಹೀಗೆ ನಿಧಾನಕ್ಕೆ ಒಣಗಿಸುತ್ತಾ ಹೋದರೆ ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತದೆ.

ತೇವ ಅಂದರೆ ಕೆಸರಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. "ಇದು ನೀರಲ್ಲೇ ಬೆಳೆದ ಗಿಡ, ನೀರು ನಿಂತರೆ ಏನಾಗುತ್ತದೆ" ಅನ್ನುವ ಲೆಕ್ಕ ತಪ್ಪು. ಹೈಡ್ರೋಪೋನಿಕ್ಸ್‌ನಲ್ಲಿ ಏರ್ ಪಂಪ್ ಗಾಳಿ ಕೊಡುತ್ತಿರುತ್ತದೆ, ಅಥವಾ ನೀರು ಹರಿಯುತ್ತಿರುತ್ತದೆ, ಅಥವಾ ಅರ್ಧ ಬೇರು ನೀರಿನ ಮೇಲೆ ಗಾಳಿಯಲ್ಲಿರುತ್ತದೆ. ಕೆಸರಾದ ಮಣ್ಣಲ್ಲಿ ಇದ್ಯಾವುದೂ ಇಲ್ಲ. ಮಣ್ಣಿನ ಸಂದಿಗಳೆಲ್ಲ ನೀರಿನಿಂದ ತುಂಬಿದರೆ ಬೇರಿಗೆ ಆಮ್ಲಜನಕ ಸಿಗುವುದಿಲ್ಲ, ಉಸಿರುಗಟ್ಟುತ್ತದೆ.

ನೀರು ಕೊಡುವಾಗ ಕೆಳಗಿನ ತೂತಿನಿಂದ ಹೊರಬರುವಷ್ಟು ಕೊಡಿ, ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಾ ಒಂದೊಂದು ಚಮಚ ಹಾಕುವ ಅಭ್ಯಾಸ ಬೇಡ. ಮೇಲೆ ಹಸಿ ಕಾಣುತ್ತದೆ, ಬೇರಿರುವಲ್ಲಿ ಒಣಗಿರುತ್ತದೆ.

ಬಾಡಿರುವುದು ನೀರು ಕಡಿಮೆಯಾಗಿಯೋ, ಜಾಸ್ತಿಯಾಗಿಯೋ? ಎರಡೂ ಒಂದೇ ಥರ ಕಾಣುತ್ತದೆ.

ಹೌದು, ಎಲೆ ನೋಡಿ ಹೇಳುವುದು ಕಷ್ಟ. ಪಾಟ್ ಎತ್ತಿ ನೋಡಿ. ನೀರು ಕೊಟ್ಟ ತಕ್ಷಣ ಒಮ್ಮೆ ಎತ್ತಿ ಆ ತೂಕ ನೆನಪಿಟ್ಟುಕೊಂಡರೆ ಮುಂದೆ ಅದೇ ಅಳತೆಗೋಲು. ಹಗುರವಾಗಿದ್ದು ಎಲೆ ತೆಳ್ಳಗೆ ಗರಿಗರಿಯಾಗಿದ್ದರೆ ನೀರು ಬೇಕು. ಭಾರವಾಗಿದ್ದು ಎಲೆ ಮೆತ್ತಗೆ ಹಳದಿ ತಿರುಗುತ್ತಿದ್ದರೆ, ಮಣ್ಣು ಕೊಳೆತ ವಾಸನೆ ಬರುತ್ತಿದ್ದರೆ, ನೀರು ಜಾಸ್ತಿಯಾಗಿದೆ. ಮೂರನೆಯದೂ ಒಂದಿದೆ: ಮಧ್ಯಾಹ್ನ ಬಾಡಿ ರಾತ್ರಿ ಎದ್ದು ನಿಲ್ಲುತ್ತದೆ. ಅದು ಮೊದಲ ಪ್ರಶ್ನೆಯಲ್ಲಿ ಹೇಳಿದ ಬೇರಿನ ಕೊರತೆ, ಗಿಡ ಹೋರಾಡುತ್ತಿದೆ. ನೆರಳು ಕೊಟ್ಟು ಸುಮ್ನೆ ಬಿಡಿ. ಬೆಳಗಿನ ಜಾವದಲ್ಲೂ ಜೋತು ಬಿದ್ದೇ ಇದ್ದರೆ ಮಾತ್ರ ಚಿಂತೆ ಮಾಡಬೇಕು.

ಮಣ್ಣಿನ ಮಿಶ್ರಣ ಹೇಗಿರಬೇಕು?

ಸಡಿಲವಾಗಿ, ಗಾಳಿಯಾಡುವಂತೆ. ಪಾಟ್‌ನಲ್ಲಿ ಬರೀ ತೋಟದ ಮಣ್ಣು ಹಾಕಬೇಡಿ, ನಾಲ್ಕು ಸಲ ನೀರು ಬಿದ್ದರೆ ಗಟ್ಟಿಯಾಗಿ ಕೂರುತ್ತದೆ, ಮೆದುವಾದ ನೀರಿನ ಬೇರು ಅದರೊಳಗೆ ಇಳಿಯುವುದಿಲ್ಲ. ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಒಳ್ಳೆಯ ಪಾಟಿಂಗ್ ಮಿಕ್ಸ್, ಒಂದು ಪಾಲು ಪೆರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು), ಅರ್ಧ ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಇದ್ದರೆ ಹೆಚ್ಚಿನ ಗಿಡಕ್ಕೆ ಸಾಕು. ಪೆರ್ಲೈಟ್ ಬದಲು ದಪ್ಪ ಮರಳೂ ನಡೆಯುತ್ತದೆ, ಭಾರವಾಗುತ್ತದೆ ಅಷ್ಟೇ. ಅರೆಬೆಂದ ಗೊಬ್ಬರ ಖಂಡಿತ ಬೇಡ. ಅದು ಬಿಸಿಯಾಗುತ್ತದೆ, ಅಮೋನಿಯಾ ಬಿಡುತ್ತದೆ, ಎಳೆ ಬೇರು ಸುಡುತ್ತದೆ. ಇನ್ನು ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿನ ಅಂಶ ಇರಬಹುದು, ಬಳಸುವ ಮೊದಲು ಎರಡು ಮೂರು ಸಲ ತೊಳೆದು ಹಿಂಡಿ.

ಮಿಶ್ರಣವನ್ನು ಮೊದಲೇ ಒದ್ದೆ ಮಾಡಿಟ್ಟುಕೊಂಡು ಆಮೇಲೆ ನೆಡಿ. ಪೂರ್ತಿ ಒಣಗಿದ ಪೀಟ್ ಅಥವಾ ಪಾಟಿಂಗ್ ಮಿಕ್ಸ್ ನೀರನ್ನು ಬೇಗ ಹೀರುವುದಿಲ್ಲ, ನೀರು ಪಾಟ್‌ನ ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ. ನೀವು ನೀರು ಕೊಟ್ಟೆ ಅಂದುಕೊಳ್ಳುತ್ತೀರಿ, ಬೇರಿನ ಸುತ್ತ ಒಣ ಉಂಡೆ ಹಾಗೇ ಇರುತ್ತದೆ. ಈಗಾಗಲೇ ಹಾಗಾಗಿದ್ದರೆ ಪಾಟನ್ನು ಬಕೆಟ್ ನೀರಲ್ಲಿ ಅರ್ಧಕ್ಕೆ ಮುಳುಗುವಂತೆ ಅರ್ಧ ಗಂಟೆ ಇಟ್ಟು, ತೆಗೆದು, ಪೂರ್ತಿ ಬಸಿಯಲು ಬಿಡಿ.

ದೊಡ್ಡ ಪಾಟ್‌ಗೇ ಹಾಕಿಬಿಟ್ಟರೆ ಮತ್ತೆ ಮತ್ತೆ ಬದಲಿಸುವುದು ತಪ್ಪುತ್ತದಲ್ಲ?

ಬೇಡ. ಬೇರಿನ ಗುಚ್ಛಕ್ಕಿಂತ ಎರಡು ಮೂರು ಸೆಂಟಿಮೀಟರ್ ಅಗಲ ಜಾಸ್ತಿ ಇದ್ದರೆ ಸಾಕು. ದೊಡ್ಡ ಪಾಟ್‌ನಲ್ಲಿ ಬೇರು ತಲುಪದ ಮಣ್ಣು ವಾರಗಟ್ಟಲೆ ಹಸಿಯಾಗಿಯೇ ಉಳಿದು ಕೊಳೆತ ಶುರುವಾಗುತ್ತದೆ. ಕೆಳಗೆ ಕಲ್ಲು ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವುದೂ ನಿಜವಲ್ಲ. ಸ್ಪಂಜನ್ನು ಕಲ್ಲಿನ ಮೇಲಿಟ್ಟರೂ ಅದರ ತಳದಲ್ಲಿ ನೀರು ಹಿಡಿದುಕೊಂಡೇ ಇರುತ್ತದಲ್ಲ, ಮಣ್ಣೂ ಹಾಗೇ. ಕಲ್ಲು ಹಾಕಿದಷ್ಟೂ ಆ ಹಸಿ ಪದರ ಬೇರಿಗೆ ಹತ್ತಿರವಾಗುತ್ತದೆ.

ನೆಟ್ ಪಾಟ್, ರಾಕ್‌ವೂಲ್, ಕ್ಲೇ ಬಾಲ್ ಇವನ್ನೆಲ್ಲ ತೆಗೆಯಬೇಕಾ?

ನೆಟ್ ಪಾಟ್ ಅಂದರೆ ಗಿಡ ನಿಲ್ಲಿಸುವ ಜಾಲರಿಯ ಪ್ಲಾಸ್ಟಿಕ್ ಬುಟ್ಟಿ, ಅದನ್ನು ಕತ್ತರಿಸಿ ತೆಗೆಯುವುದು ಒಳ್ಳೆಯದು. ಈಗ ಏನೂ ಆಗದಿದ್ದರೂ ಬೇರು ದಪ್ಪವಾದಾಗ ಆ ಪ್ಲಾಸ್ಟಿಕ್ ಕಂಡಿಗಳು ಕತ್ತು ಹಿಚುಕುತ್ತವೆ. ಬೇರು ಎಳೆಯದೆ, ಕಟ್ಟರ್‌ನಿಂದ ಪ್ಲಾಸ್ಟಿಕ್ಕನ್ನೇ ತುಂಡು ತುಂಡಾಗಿ ಕತ್ತರಿಸಿ. ಕ್ಲೇ ಬಾಲ್‌ಗಳಲ್ಲಿ (ಸುಟ್ಟ ಜೇಡಿಮಣ್ಣಿನ ಗುಂಡುಗಳು) ಸಡಿಲ ಇರುವವು ಉದುರಲಿ, ಬೇರು ಸುತ್ತಿಕೊಂಡಿರುವವು ಹಾಗೇ ಇರಲಿ.

ರಾಕ್‌ವೂಲ್ ವಿಷಯಕ್ಕೆ ಸ್ವಲ್ಪ ಗಮನ ಬೇಕು. ಅದು ಕಲ್ಲು ಕರಗಿಸಿ ಮಾಡಿದ ನಾರಿನ ಕ್ಯೂಬ್. ಬೇರು ಅದರೊಳಗೆ ಹೆಣೆದುಕೊಂಡಿರುವುದರಿಂದ ತೆಗೆಯಲು ಹೋದರೆ ಅರ್ಧ ಬೇರು ಹೋಗುತ್ತದೆ, ಹಾಗಾಗಿ ಕ್ಯೂಬ್ ಸಮೇತ ನೆಡಿ. ಆದರೆ ಕ್ಯೂಬ್‌ನ ಮೇಲ್ಭಾಗ ಮಣ್ಣಿನಿಂದ ಹೊರಗೆ ಇಣುಕಬಾರದು. ಹೊರಗಿದ್ದರೆ ಅಲ್ಲಿಂದ ನೀರು ಆವಿಯಾಗಿ ಕ್ಯೂಬ್ ಬೇಗ ಒಣಗುತ್ತದೆ, ಪಾಚಿಯೂ ಕಟ್ಟುತ್ತದೆ. ಒಂದು ಸೆಂಟಿಮೀಟರ್ ಮಣ್ಣು ಮುಚ್ಚಿ, ಸುತ್ತಲೂ ಗಾಳಿ ಗುಳಿ ಉಳಿಯದಂತೆ ಮೆಲ್ಲಗೆ ಒತ್ತಿ. ಮೊದಲ ದಿನಗಳಲ್ಲಿ ಬೇರುಗಳೆಲ್ಲ ಇರುವುದು ಆ ಕ್ಯೂಬ್‌ನೊಳಗೆ. ಬೆರಳಿಟ್ಟು ನೋಡುವಾಗ ಪಾಟ್‌ನ ಅಂಚಲ್ಲಿ ನೋಡಿ ಪ್ರಯೋಜನವಿಲ್ಲ, ಕ್ಯೂಬ್ ಪಕ್ಕದಲ್ಲೇ ನೋಡಿ.

ನೆಡುವ ಮುಂಚೆ ಬೇರು ತೊಳೆಯಬೇಕಾ? ಉದ್ದ ಬೇರು ಕತ್ತರಿಸಬಹುದಾ?

ಸಾದಾ ನೀರಲ್ಲಿ ಒಮ್ಮೆ ಅದ್ದಿ ತೆಗೆದರೆ ಅಂಟಿದ ಲವಣ ಹೋಗುತ್ತದೆ, ಅಷ್ಟು ಸಾಕು. ಉದ್ದ ಬೇರುಗಳನ್ನು ಪಾಟ್‌ನೊಳಗೆ ಸುರುಳಿ ಸುತ್ತಿ ತುರುಕುವುದಕ್ಕಿಂತ ಕತ್ತರಿಯಿಂದ ಹೆಚ್ಚೆಂದರೆ ಮೂರನೇ ಒಂದು ಭಾಗದಷ್ಟನ್ನು ಟ್ರಿಮ್ ಮಾಡಿ ತೆಗೆಯುವುದು ವಾಸಿ. ಅಷ್ಟೇ ಪ್ರಮಾಣದಲ್ಲಿ ಎಲೆಯನ್ನೂ ತೆಗೆಯಿರಿ. ಸಂಜೆ ಹೊತ್ತು ನೆಡಿ, ಬೇರು ಗಾಳಿಗೆ ಒಣಗದಂತೆ ಒದ್ದೆ ಬಟ್ಟೆ ಸುತ್ತಿಟ್ಟುಕೊಳ್ಳಿ. ನೀರಿನ ಬೇರು ಗಾಳಿಯಲ್ಲಿ ಬೇಗ ಒಣಗುತ್ತದೆ.

ಎಲೆ ಹಳದಿಯಾಗುತ್ತಿದೆ. ಯಾವ ಗೊಬ್ಬರ ಹಾಕಲಿ?

ಮೊದಲು ಯಾವ ಎಲೆ ಅಂತ ನೋಡಿ.

ಕೆಳಗಿನ ಒಂದೆರಡು ಹಳೆಯ ಎಲೆ ಹಳದಿಯಾಗಿ ಉದುರಿದರೆ ಏನೂ ಹಾಕಬೇಡಿ. ಬೇರು ಕಡಿಮೆಯಾದಾಗ ಗಿಡ ಹಳೆಯ ಎಲೆಯಲ್ಲಿರುವ ಸಾರಜನಕವನ್ನು ವಾಪಸ್ ಎಳೆದುಕೊಂಡು ಚಿಗುರಿಗೆ ಕೊಡುತ್ತದೆ. ನೆಟ್ಟ ಮೊದಲ ವಾರಗಳಲ್ಲಿ ಇದು ಸಾಮಾನ್ಯ.

ಒಂದು ತಿಂಗಳಾಯಿತು, ಗಿಡ ಬೆಳೆಯುತ್ತಿದೆ, ಆದರೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಎಲೆ ಪೂರ್ತಿ ಹಳದಿಯಾಗುತ್ತಾ ಬರುತ್ತಿದೆ ಅಂದರೆ ಸಾರಜನಕ ಸಾಲುತ್ತಿಲ್ಲ. ಹೈಡ್ರೋಪೋನಿಕ್ ದ್ರಾವಣದಲ್ಲಿ ಸಾರಜನಕ ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿರುತ್ತದೆ, ಬೇರು ನೇರವಾಗಿ ಹೀರಬಹುದು. ಕಾಂಪೋಸ್ಟ್‌ನಲ್ಲಿರುವುದು ಹಾಗಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡಿಕೊಡಬೇಕು. ಹೊಸ ಮಿಶ್ರಣದಲ್ಲಿ, ಅದರಲ್ಲೂ ಚಳಿ ಇರುವಾಗ, ಈ ಕೆಲಸ ನಿಧಾನ. ಮರದ ಹೊಟ್ಟು ಜಾಸ್ತಿ ಇದ್ದರೆ ಸೂಕ್ಷ್ಮಜೀವಿಗಳೇ ಸಾರಜನಕ ತಿಂದುಬಿಡುತ್ತವೆ. ಆಗ ದ್ರವ ಗೊಬ್ಬರ ತೆಳ್ಳಗೆ ಮಾಡಿ ಕೊಡುವುದು ಸರಿ.

ಹೊಸ ಚಿಗುರು ಹಳದಿ, ನರಗಳು ಮಾತ್ರ ಹಸಿರು: ಇದು ಕಬ್ಬಿಣದ ಕೊರತೆಯ ಗುರುತು. ಹೆಚ್ಚಿನ ಸಲ ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ) ಜಾಸ್ತಿಯಾಗಿ ಗಿಡಕ್ಕೆ ಸಿಗುತ್ತಿರುವುದಿಲ್ಲ. ಹೈಡ್ರೋಪೋನಿಕ್ಸ್‌ನಲ್ಲಿ ಪಿಎಚ್ 5.5ರಿಂದ 6.5ರ ಒಳಗೆ ಇಟ್ಟಿರುತ್ತೀರಿ. ಗಡಸು ನೀರು ಹಾಕುತ್ತಾ ಹೋದರೆ ಪಾಟ್ ಮಣ್ಣಿನ ಪಿಎಚ್ 7 ದಾಟಬಹುದು. ಮಣ್ಣಿಗೆ 6ರಿಂದ 7 ಒಳ್ಳೆಯದು. ಮಳೆ ನೀರು ಸಿಕ್ಕರೆ ಅದನ್ನೇ ಹಾಕಿ, ತುರ್ತಿಗೆ ಕೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ರೂಪದ್ದು) ಪ್ಯಾಕೆಟ್ ಮೇಲೆ ಬರೆದ ಅಳತೆಯಲ್ಲೇ ಕೊಡಿ. ಒಂದು ಎಚ್ಚರಿಕೆ: ಸದಾ ಕೆಸರಾಗಿರುವ ಮಣ್ಣಲ್ಲೂ ಬೇರು ಸೋತು ಚಿಗುರು ಹೀಗೇ ಕಾಣಬಹುದು. ಹಾಗಾಗಿ ನೀರಿನ ವಿಷಯ ಸರಿ ಮಾಡದೆ ಕಬ್ಬಿಣ ಹಾಕಬೇಡಿ.

ಹಳೆಯ ಎಲೆಯಲ್ಲಿ ನರ ಹಸಿರು, ಮಧ್ಯದ ಜಾಗ ಹಳದಿ ಆಗಿದ್ದರೆ ಮೆಗ್ನೀಷಿಯಂ ಕೊರತೆ. ಲೀಟರ್ ನೀರಿಗೆ ಒಂದೆರಡು ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಸಾಕು. ಹಳೆಯ ಎಲೆಯ ಅಂಚು ಕಂದಿ ಒಣಗಿದರೆ ಪೊಟ್ಯಾಷಿಯಂ ಕೊರತೆ ಇರಬಹುದು, ಆದರೆ ಲವಣ ಜಾಸ್ತಿಯಾದರೂ ಅಂಚು ಹಾಗೇ ಆಗುತ್ತದೆ.

ಟ್ಯಾಂಕ್‌ನಲ್ಲಿ ಹೈಡ್ರೋಪೋನಿಕ್ ದ್ರಾವಣ ಉಳಿದಿದೆ. ಮಣ್ಣಿಗೆ ಹಾಕಬಹುದಾ?

ಹಾಕಬಹುದು, ಕಾಲು ಭಾಗ ದ್ರಾವಣಕ್ಕೆ ಮುಕ್ಕಾಲು ಭಾಗ ಸಾದಾ ನೀರು ಸೇರಿಸಿ, ಅದೂ ಹೊಸ ಚಿಗುರು ಕಂಡ ಮೇಲೆ. ಟ್ಯಾಂಕ್‌ನಲ್ಲಿ ನೀರು ಬದಲಿಸಿದಾಗ ಹಳೆಯ ಲವಣವೆಲ್ಲ ಹೋಗುತ್ತದೆ, ಪಾಟ್‌ನಲ್ಲಿ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ, ಮುಂದಿನ ಸಲ ಇನ್ನಷ್ಟು ಸೇರುತ್ತದೆ. ಒಂದು ಸಲ ಗೊಬ್ಬರದ ನೀರು, ಮುಂದಿನ ಎರಡು ಸಲ ಸಾದಾ ನೀರು ಅಂತ ಇಟ್ಟುಕೊಳ್ಳಿ. ರೋಗ ಬಂದ ಗಿಡ ಇದ್ದ ಟ್ಯಾಂಕ್‌ನ ನೀರಾದರೆ ಬೇರೆ ಯಾವ ಗಿಡಕ್ಕೂ ಬೇಡ.

ಎಲೆ ತುದಿ ಸುಟ್ಟಂತೆ ಆಗಿದೆ, ಮಣ್ಣಿನ ಮೇಲೆ ಬಿಳಿ ಪುಡಿ ಇದೆ.

ಅದೇ ಲವಣ. ಮೇಲಿನ ಬಿಳಿ ಪದರ ಕೆರೆದು ತೆಗೆದು, ಪಾಟ್‌ನ ಗಾತ್ರದ ಎರಡರಷ್ಟು ಸಾದಾ ನೀರನ್ನು ನಿಧಾನಕ್ಕೆ ಹಾಕಿ ಬಸಿಯಲು ಬಿಡಿ. ಒಂದು ತಿಂಗಳು ಗೊಬ್ಬರ ನಿಲ್ಲಿಸಿ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಮುಂದೆ ಬರುವ ಎಲೆ ಚೆನ್ನಾಗಿದ್ದರೆ ಸರಿಹೋಗಿದೆ ಅಂತ.

ಬಿಳಿ ಪುಡಿ ಹರಳಿನಂತಿರದೆ ಹತ್ತಿಯಂತೆ ನವಿರಾಗಿದ್ದರೆ ಅದು ಬೂಸು. ಮಣ್ಣಿನಲ್ಲಿರುವ ಕಸಕಡ್ಡಿ ತಿನ್ನುತ್ತದೆ, ಗಿಡಕ್ಕೆ ಏನೂ ಮಾಡುವುದಿಲ್ಲ. ಆದರೆ ಮೇಲ್ಮಣ್ಣು ಒಣಗುತ್ತಲೇ ಇಲ್ಲ ಅನ್ನುವುದನ್ನು ತೋರಿಸುತ್ತದೆ.

ಎಲೆಯ ಮೇಲೆ ಬೆಳ್ಳಗೆ ಪೇಪರಿನಂಥ ಕಲೆಗಳು ಬಂದಿವೆ. ರೋಗವಾ?

ಗಿಡ ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಇರುವ ದೀಪ) ಕೆಳಗಿಂದ ನೇರ ಬಿಸಿಲಿಗೆ ಬಂದಿದೆಯಾ? ಹಾಗಾದರೆ ಅದು ಬಿಸಿಲ ಸುಟ್ಟ ಗಾಯ. ಬಿಸಿಲು ಬಿದ್ದ ಮುಖದಲ್ಲಿ ಮಾತ್ರ ಇರುತ್ತದೆ, ಹರಡುವುದಿಲ್ಲ. ಮಣ್ಣು ಮತ್ತು ಬಿಸಿಲು ಎರಡನ್ನೂ ಒಂದೇ ದಿನ ಬದಲಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಮಣ್ಣಲ್ಲಿ ಚೇತರಿಸಿಕೊಳ್ಳಲಿ. ಆಮೇಲೆ ಬೆಳಗಿನ ಎಳೆ ಬಿಸಿಲಲ್ಲಿ ಒಂದು ಗಂಟೆಯಿಂದ ಶುರು ಮಾಡಿ, ಏಳರಿಂದ ಹತ್ತು ದಿನದಲ್ಲಿ ಹೆಚ್ಚಿಸಿ.

ಬೇರು ಕೊಳೆತಿದೆಯಾ ಅಂತ ಹೇಗೆ ನೋಡುವುದು? ಕೊಳೆತಿದ್ದರೆ ಏನು ಮಾಡುವುದು?

ಬೇರೆ ಯಾವ ಕಾರಣವೂ ಸಿಗದಿದ್ದಾಗ ಮಾತ್ರ ಗಿಡ ಹೊರತೆಗೆಯಿರಿ. ಎರಡು ದಿನಕ್ಕೊಮ್ಮೆ ಕಿತ್ತು ನೋಡಿದರೆ ಹೊಸ ರೋಮಗಳೆಲ್ಲ ಹರಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗಟ್ಟಿಯಾಗಿದ್ದು ಬಿಳಿ ಅಥವಾ ತಿಳಿ ಕಂದು ಇದ್ದರೆ ಬೇರು ಚೆನ್ನಾಗಿದೆ. ಬರೀ ಬಣ್ಣ ನೋಡಿ ಹೆದರಬೇಡಿ, ದ್ರಾವಣದ ಬಣ್ಣ ಹತ್ತಿಯೂ ಕಂದು ಕಾಣುತ್ತದೆ. ಬೆರಳಲ್ಲಿ ಎಳೆದರೆ ಹೊರಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ, ಲೋಳೆಯಾಗಿದ್ದರೆ, ವಾಸನೆ ಬಂದರೆ ಅದು ಕೊಳೆ. ಪಿಥಿಯಂ, ಫೈಟಾಫ್ತೋರಾ ಇವೆಲ್ಲ ನೀರು ನಿಂತಲ್ಲಿ ಹರಡಿ ಬೇರು ಕೊಳೆಸುವ ಜೀವಿಗಳು. ಹೈಡ್ರೋಪೋನಿಕ್ ಟ್ಯಾಂಕ್‌ನಿಂದಲೇ ಬೇರಿನ ಜೊತೆ ಬಂದಿರಲೂಬಹುದು.

ಶುದ್ಧ ಮಾಡಿದ ಕತ್ತರಿಯಿಂದ ಕೊಳೆತದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಹಳೆಯ ಮಣ್ಣು ಎಸೆಯಿರಿ. ಇನ್ನೂ ಚಿಕ್ಕ ಪಾಟ್, ಇನ್ನೂ ಸಡಿಲ ಮಿಶ್ರಣ, ನೆರಳು. ಹೈಡ್ರೋಜನ್ ಪೆರಾಕ್ಸೈಡ್ ಸುರಿಯಿರಿ ಅಂತ ಬಹಳ ಕಡೆ ಹೇಳುತ್ತಾರೆ. ಅದರ ಪರಿಣಾಮ ಬೇಗ ಮುಗಿಯುತ್ತದೆ, ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ, ಜಾಸ್ತಿಯಾದರೆ ಬೇರಿಗೂ ಪೆಟ್ಟು. ಮಣ್ಣಿಗೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಬೇರು ಹೋಗಿದ್ದರೆ ಮೇಲಿನ ಆರೋಗ್ಯವಂತ ತುದಿಯನ್ನು ಕತ್ತರಿಸಿ ಹೊಸದಾಗಿ ಬೇರು ಬರಿಸುವುದೇ ನಂಬಿಕೆಯ ದಾರಿ.

ಪಾಟ್ ಸುತ್ತ ಸಣ್ಣ ಕಪ್ಪು ನೊಣಗಳು ಹಾರುತ್ತಿವೆ.

ಫಂಗಸ್ ನ್ಯಾಟ್. ಟ್ಯಾಂಕ್‌ನಲ್ಲಿದ್ದಾಗ ಅಷ್ಟಾಗಿ ಕಾಡಿರಲಿಕ್ಕಿಲ್ಲ, ಹಸಿ ಮಣ್ಣು ಸಿಕ್ಕ ಕೂಡಲೇ ಬರುತ್ತವೆ. ದೊಡ್ಡ ಗಿಡಕ್ಕೆ ಬರೀ ಕಿರಿಕಿರಿ, ಆದರೆ ಮರಿಹುಳಗಳು ಎಳೆ ಬೇರು ತಿನ್ನುವುದರಿಂದ ಈಗಷ್ಟೇ ನೆಟ್ಟ ಗಿಡಕ್ಕೆ ತೊಂದರೆ. ಹಳದಿ ಅಂಟು ಹಾಳೆ ಹಾಕಿ ಹಾರುವವನ್ನು ಹಿಡಿಯಿರಿ, ಮೇಲ್ಮಣ್ಣು ಒಣಗಿಸಿ, ನೀರನ್ನು ಕೆಳಗಿನ ತಟ್ಟೆಯಿಂದ ಕೊಡಿ. ಜಾಸ್ತಿ ಇದ್ದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರವ ಸಿಗುತ್ತದೆ, ನೀರಲ್ಲಿ ಕಲಸಿ ಹಾಕಿದರೆ ಮರಿಹುಳ ಸಾಯುತ್ತವೆ. ಇವುಗಳ ಒಂದು ಸುತ್ತು ಮೂರು ನಾಲ್ಕು ವಾರದ್ದು, ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಬೇರು ಬರಿಸುವ ಹಾರ್ಮೋನ್, ವಿಟಮಿನ್ ಬಿ1, ಮೈಕೋರೈಜಾ ಹಾಕಿದರೆ ಬೇಗ ಚೇತರಿಸುತ್ತದಾ?

ಹಾರ್ಮೋನ್ ಬೇರಿಲ್ಲದ ಕಡ್ಡಿಗೆ, ಈಗಾಗಲೇ ಬೇರಿರುವ ಗಿಡಕ್ಕಲ್ಲ. ವಿಟಮಿನ್ ಬಿ1 ಅನ್ನು ಗಿಡ ತಾನೇ ಮಾಡಿಕೊಳ್ಳುತ್ತದೆ, ಹೊರಗಿಂದ ಕೊಟ್ಟು ಪ್ರಯೋಜನವಿಲ್ಲ. ಮೈಕೋರೈಜಾ ಶಿಲೀಂಧ್ರ ಟೊಮೇಟೊ, ಮೆಣಸಿನಕಾಯಿಯಂಥ ಗಿಡಗಳ ಬೇರಿನ ಜೊತೆ ಸೇರುತ್ತದೆ, ಆದರೆ ರಂಜಕ ಜಾಸ್ತಿ ಇರುವಲ್ಲಿ ಆ ಸಂಬಂಧ ಅಷ್ಟಾಗಿ ಬೆಳೆಯುವುದಿಲ್ಲ. ಎಲೆಕೋಸು, ಸಾಸಿವೆ ಜಾತಿಗೆ ಅದು ಹಿಡಿಯುವುದೇ ಇಲ್ಲ. ದುಡ್ಡು ಖರ್ಚು ಮಾಡುವುದಿದ್ದರೆ ಪೆರ್ಲೈಟ್‌ಗೆ ಮಾಡಿ.

ಯಾವ ಗಿಡ ಬದಲಾಯಿಸುವುದು ಸುಲಭ? ಯಾವುದಕ್ಕೆ ಕೈ ಹಾಕಬಾರದು?

ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಪುದೀನ, ಬೇಸಿಲ್ ಸುಲಭ. ಕಡ್ಡಿಯನ್ನು ನೀರಲ್ಲಿಟ್ಟು ಬೇರು ಬರಿಸುತ್ತಿದ್ದರೆ ಬೇರು ಮೂರರಿಂದ ಐದು ಸೆಂಟಿಮೀಟರ್ ಇದ್ದಾಗಲೇ ಮಣ್ಣಿಗೆ ಹಾಕಿ, ತಡ ಮಾಡಿದಷ್ಟೂ ಕಷ್ಟ. ಟೊಮೇಟೊಗೆ ಒಂದು ಅನುಕೂಲವಿದೆ: ಕಾಂಡ ಮಣ್ಣಲ್ಲಿ ಹೂತರೆ ಅಲ್ಲಿಂದಲೇ ಹೊಸ ಬೇರು ಬರುತ್ತದೆ. ಕೆಳಗಿನ ಎಲೆ ತೆಗೆದು ಆಳವಾಗಿ ನೆಡಿ. ಇದನ್ನೇ ಲೆಟ್ಯೂಸ್‌ಗೆ ಮಾಡಿದರೆ ಬುಡ ಕೊಳೆಯುತ್ತದೆ.

ಬಲಿತ ಲೆಟ್ಯೂಸ್, ಪಾಲಕ್ ಬದಲಾಯಿಸಬೇಡಿ, ಕೊಯ್ದು ತಿನ್ನಿ. ಬೇರು ಕೂರುವಷ್ಟರಲ್ಲಿ ಅವು ಹೂಕಡ್ಡಿ ಎಬ್ಬಿಸುತ್ತವೆ. ಕಾಯಿ ಬಿಟ್ಟಿರುವ ಟೊಮೇಟೊ, ಮೆಣಸಿನಕಾಯಿ, ಸೌತೆ ಗಿಡವನ್ನು ಬದಲಿಸಲೇಬೇಕಾದರೆ ಹೂ, ಕಾಯಿ ಕಿತ್ತುಹಾಕಿ. ಮನಸ್ಸು ಬರುವುದಿಲ್ಲ, ನಿಜ, ಆದರೆ ನೀವು ಕೀಳದಿದ್ದರೂ ಹೆಚ್ಚಿನವನ್ನು ಗಿಡವೇ ಉದುರಿಸುತ್ತದೆ, ಅಷ್ಟರಲ್ಲಿ ಬೇರಿಗೆ ಹೋಗಬೇಕಾದ ಶಕ್ತಿ ವ್ಯರ್ಥವಾಗಿರುತ್ತದೆ.

ಎಷ್ಟು ದಿನ ಕಾಯಲಿ? ಸತ್ತಿದೆ ಅಂತ ಯಾವಾಗ ತೀರ್ಮಾನಿಸುವುದು?

ಹಳೆಯ ಎಲೆಗಳನ್ನು ನೋಡಿ ತೀರ್ಮಾನ ಮಾಡಬೇಡಿ, ಅವು ಇನ್ನೂ ಕೆಡಬಹುದು. ಚಿಗುರಿನ ತುದಿ ನೋಡಿ. ಅದು ಹಸಿರಾಗಿ ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ನಾಲ್ಕು ವಾರದಲ್ಲಿ ಹೊಸ ಎಲೆ ಬಿಚ್ಚಿಕೊಂಡರೆ ಕೆಳಗೆ ಬೇರೂ ಬಂದಿದೆ ಅಂತ ತಿಳಿಯಿರಿ, ಆಗಿನಿಂದ ಗೊಬ್ಬರ ಶುರು ಮಾಡಬಹುದು. ಕಾಂಡ ಗಟ್ಟಿ ಇರುವ ಗಿಡವಾದರೆ ಉಗುರಲ್ಲಿ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಎಲೆಯೆಲ್ಲ ಉದುರಿದ್ದರೂ ನೀರು ಕಡಿಮೆ ಮಾಡಿಕೊಂಡು ಇನ್ನೊಂದು ತಿಂಗಳು ಕಾಯಿರಿ. ಕಂದು ಕಂಡರೆ ಅಲ್ಲಿಂದ ಕೆಳಗೆ ಕೆರೆಯುತ್ತಾ ಹೋಗಿ, ಹಸಿರು ಸಿಕ್ಕ ಜಾಗದ ತುಸು ಮೇಲೆ ಕತ್ತರಿಸಿ. ಬುಡದವರೆಗೂ ಕಂದೇ ಇದ್ದರೆ ಹೋಗಿದೆ. ಬೆಲೆಬಾಳುವ ಗಿಡವಾದರೆ ಬದಲಿಸುವ ಮುಂಚೆಯೇ ಒಂದು ಕಡ್ಡಿ ಕತ್ತರಿಸಿ ಬೇರೆ ನೀರಲ್ಲಿ ಇಟ್ಟುಕೊಂಡಿರಿ, ಮಣ್ಣಿನ ಗಿಡ ನೆಲೆಯೂರುವವರೆಗೆ ಅದನ್ನು ತೆಗೆಯಬೇಡಿ.